349 ರೂಪಾಯಿಯ ಗ್ರೈಂಡರ್ ಜಾಲರಿ: ಕಬ್ಬಿಣಕ್ಕೆ ಆದೀತು, ಕಾರ್ಬನ್ ದೋಟಿಗೆ ಆಗದು

ಎರಡು ಜಾಲರಿಗೆ 349 ರೂಪಾಯಿ. ಪ್ಯಾಕೆಟಿನ ಮೇಲೆ ಕಂಪೆನಿಯ ಹೆಸರಿಲ್ಲ. ಕಬ್ಬಿಣ ಕೊಯ್ಯುವ, ಉಜ್ಜುವ ಕೈ ಗ್ರೈಂಡರಿನ ಒಂದು ಚಿತ್ರ, ಅದರ ಕೆಳಗೆ ‘ನೂರಕ್ಕೆ ನೂರು ಡಸ್ಟ್ ಪ್ರೂಫ್’ ಅಂತ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ. ಒಳಗಿದ್ದದ್ದು ರಬ್ಬರ್ ಅಂಚಿನ ನೈಲಾನ್ ಬಲೆಯ ಎರಡು ತುಂಡು. 4 ಇಂಚಿನ ಗ್ರೈಂಡರಿನ ಹಿಂಬದಿಯಲ್ಲಿ ಗಾಳಿ ಎಳೆಯುವ ಸಂದುಗಳು ಇವೆಯಲ್ಲ, ಅದರ ಮೇಲೆ ಇದನ್ನು ಕೂರಿಸಬೇಕು. ಜನವರಿಯಲ್ಲಿ ಆನ್‌ಲೈನಿನಲ್ಲಿ ತರಿಸಿದ್ದು. ಈಗ ಆಗಸ್ಟ್, ಆಟಿ ತಿಂಗಳು ಮುಗಿಯಿತು. ಅಷ್ಟು ತಿಂಗಳು ದಿನಾ ಉಪಯೋಗಿಸಿದ ಮೇಲೆ ಬರೆಯುತ್ತಿದ್ದೇನೆ.

ನನ್ನದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಶೆಡ್. ಗೇಟು, ಕಿಟಕಿಯ ಗ್ರಿಲ್ಲು, ಅಂಗಳಕ್ಕೆ ಶೀಟು ಹಾಕುವುದು, ಅಡಿಕೆ ಒಣಗಿಸುವ ಸೋಲಾರ್ ಮನೆಯ ಫ್ರೇಮು. ಅಪ್ಪ ಇದೇ ಜಾಗದಲ್ಲಿ ಕುಲುಮೆ ಇಟ್ಟು ಕತ್ತಿ, ಹಾರೆ ಮಾಡುತ್ತಿದ್ದರು. ಅವರ ತಿದಿಗೆ ಎಷ್ಟು ಹುಡಿ ಬಿದ್ದರೂ ಏನೂ ಆಗುತ್ತಿರಲಿಲ್ಲ. ನನ್ನ ಹತ್ತಿರ ಇರುವುದೆಲ್ಲ ಮೋಟಾರು. ಎರಡು ಗ್ರೈಂಡರ್, ಒಂದು ಡ್ರಿಲ್, ಒಂದು ಕಟ್ಟಿಂಗ್ ಮೆಷಿನ್, ಒಂದು ಇನ್ವರ್ಟರ್ ವೆಲ್ಡಿಂಗ್ ಸೆಟ್.

ಇದರ ಜೊತೆಗೆ ಈಚೆಗೆ ದೋಟಿ, ಅಂದರೆ ಗೊನೆ ಕೊಯ್ಯುವ ಉದ್ದದ ಕೋಲಿನ ರಿಪೇರಿಯೂ ಬಂದು ಸೇರಿದೆ. ನಮ್ಮ ಕಡೆ ಅಡಿಕೆ ಮರ ಹತ್ತುವವರು ಸಿಗುವುದು ಕಷ್ಟ. ತೋಟ ಇದ್ದವರು ಕಾರ್ಬನ್ ಫೈಬರ್ ದೋಟಿ ತೆಗೆದುಕೊಂಡಿದ್ದಾರೆ. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಮಳೆಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬಹುದು. ಹಗುರ, ಗಟ್ಟಿ. ಆದರೆ ಕೈತಪ್ಪಿ ಬಿದ್ದರೆ, ಒಂದು ಕೊಳವೆಗೆ ಇನ್ನೊಂದನ್ನು ಬಿಗಿಯುವ ಲಾಕಿನ ಹತ್ತಿರ ಸೀಳು ಬಿಡುತ್ತದೆ. ಸೀಳಿದ ಗೇಣುದ್ದದ ತುಂಡನ್ನು ಕೊಯ್ದು ತೆಗೆದು, ಲಾಕನ್ನು ಪುನಃ ಎಪಾಕ್ಸಿ ಹಾಕಿ ಕೂರಿಸಿದರೆ ಆಯಿತು. ದೋಟಿ ಒಂದು ಗೇಣು ಗಿಡ್ಡ ಆಗುತ್ತದೆ, ಅಷ್ಟೆ.

ಕಳೆದ ಡಿಸೆಂಬರಿನಲ್ಲಿ, ಕೊಯ್ಲು ಜೋರಾಗಿರುವಾಗ, ಒಂದೇ ವಾರದಲ್ಲಿ ಒಂಬತ್ತು ದೋಟಿ ಬಂತು. ಕಟ್ಟಿಂಗ್ ವೀಲ್ ಹಾಕಿದರೆ ಒಂದು ತುಂಡಿಗೆ ಅರ್ಧ ನಿಮಿಷ ಸಾಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕಿಡಿ ಇಲ್ಲ, ಒಂದು ಕರಿ ಹೊಗೆಯಂಥ ಹುಡಿ ಏಳುತ್ತದೆ. ಹುಡಿ ಕೂರಲಿ ಅಂತ ನೆಲಕ್ಕೆ ನೀರು ಚಿಮುಕಿಸಿದ್ದೆ. ಜಾಣತನ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಏಳನೆಯದೋ ಎಂಟನೆಯದೋ ಕೊಯ್ಯುವಾಗ ಕೆಲಸದ ಹುಡುಗ ಗ್ರೈಂಡರಿನ ಮುಂದಿನ ಅಲ್ಯೂಮಿನಿಯಂ ತಲೆಗೆ ಕೈ ತಾಗಿಸಿದ. ಆ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿದ್ದ. ‘ಅಮ್ಮಾ’ ಅಂತ ಕಿರುಚಿ ಗ್ರೈಂಡರನ್ನೇ ಎಸೆದುಬಿಟ್ಟ. ಪುಣ್ಯಕ್ಕೆ ಯಾರ ಕಾಲಿನ ಮೇಲೂ ಬೀಳಲಿಲ್ಲ. ಅದು ಎರಡು ಪಿನ್ನಿನ ಗ್ರೈಂಡರ್. ಮೈ ಮೇಲೆ ಚೌಕದೊಳಗೆ ಚೌಕದ ಗುರುತು ಉಂಟು, ಅಂದರೆ ಡಬಲ್ ಇನ್ಸುಲೇಷನ್, ಕರೆಂಟು ಹೊರಗೆ ಬಾರದ ಹಾಗೆ ಎರಡು ತಡೆ. ಹಾಗಿದ್ದವನ್ನು ಮುಟ್ಟಿದರೆ ಶಾಕ್ ಹೊಡೆಯಬಾರದು ಅಲ್ವಾ?

ಮರುದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಕಾಸರಗೋಡಿಗೆ ಹೋದೆ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗಲ್ಲಿಯಲ್ಲಿ ವೈಂಡಿಂಗ್ ಅಂಗಡಿ. ಊರವರೆಲ್ಲ ಅವರನ್ನು ‘ಇಚ್ಚ’ ಅಂತಲೇ ಕರೆಯುವುದು. ಹೆಚ್ಚು ಮಾತಿಲ್ಲ. ಗ್ರೈಂಡರಿನ ಪಿನ್ನಿಗೆ ಮೆಗ್ಗರಿನ (ಕರೆಂಟು ಸೋರುತ್ತದಾ ಅಂತ ನೋಡುವ ಮೀಟರು) ಒಂದು ವಯರ್, ಅಲ್ಯೂಮಿನಿಯಂ ತಲೆಗೆ ಇನ್ನೊಂದು ವಯರ್ ಸಿಕ್ಕಿಸಿ, ಸ್ವಿಚ್ ಆನ್ ಮಾಡಿಟ್ಟು, 500 ವೋಲ್ಟಿನಲ್ಲಿ ನೋಡಿದರು. ಹೊಸ ಗ್ರೈಂಡರಿನಲ್ಲಿ ಮುಳ್ಳು ಸೋರಿಕೆ ಇಲ್ಲ ಅನ್ನುವ ಆ ತುದಿಗೆ ಹೋಗಿ ಕೂರಬೇಕು. ನನ್ನದರಲ್ಲಿ ಅರ್ಧ ಮೆಗಾ ಓಮ್ ಕೂಡ ತೋರಿಸಲಿಲ್ಲ.

ಬಿಚ್ಚಿದರು. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಕೂರುವ ಗೂಡಿನ ಸುತ್ತ ಕರಿ ಹತ್ತಿಯಂಥದ್ದು ಮುದ್ದೆ ಕಟ್ಟಿತ್ತು. ಬ್ರಷ್ ತಾಗುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವಿನ ಗೆರೆಗಳು ಕಾಣುತ್ತಲೇ ಇರಲಿಲ್ಲ. ಬ್ರಷ್ ಗೂಡಿನ ಪ್ಲಾಸ್ಟಿಕ್ಕಿನ ಮೇಲೆ, ಇರುವೆ ಸಾಲು ಹೋದ ಹಾಗೆ, ಒಂದು ಸುಟ್ಟ ಗೆರೆ. ಕರೆಂಟು ನಡೆದು ಮಾಡಿಕೊಂಡ ದಾರಿ ಅದು. ಇಚ್ಚ ಹಳೇ ಸ್ಪೀಕರಿನ ಮ್ಯಾಗ್ನೆಟ್ ತೆಗೆದು ಆ ಕರಿ ಹುಡಿಯ ಮೇಲೆ ಆಡಿಸಿದರು. ಸ್ವಲ್ಪ ಎದ್ದು ಅಂಟಿಕೊಂಡಿತು. ಜಾಸ್ತಿ ಭಾಗ ಮೇಜಿನ ಮೇಲೆಯೇ ಉಳಿಯಿತು.

“ಆಚಾರ್ರೇ, ಇದು ಕಬ್ಬಿಣ ಅಲ್ಲ. ಬ್ರಷ್ ಸವೆದ ಹುಡಿ ಇಷ್ಟು ಇರುವುದಿಲ್ಲ. ನೀವು ಎಂತ ಕೊಯ್ದದ್ದು?”

“ದೋಟಿ.”

“ಹಾಗೆ ಹೇಳಿ. ಇದರ ಹೊಟ್ಟೆಗೆ ನೀವು ವಯರ್ ಹುಡಿ ಮಾಡಿ ಹಾಕಿದ್ದೀರಿ.”

ಮುಖಕ್ಕೆ ಹೊಡೆದ ಹಾಗಾಯಿತು. ದೋಟಿ ತಂದವರಿಗೆಲ್ಲ ನಾನೇ ಹೇಳುವುದಿತ್ತು, ಕರೆಂಟು ಲೈನಿನ ಹತ್ತಿರ ಎತ್ತಬೇಡಿ, ಇದರಲ್ಲಿ ಕರೆಂಟು ಹರಿಯುತ್ತದೆ ಅಂತ. ಹುಡಿಯಾದ ಮೇಲೂ ಅದು ಅದೇ ಸಾಮಾನು ಅಂತ ನನ್ನ ಮಂಡೆಗೆ ಹೊಳೆದಿರಲಿಲ್ಲ.

ಗ್ರೈಂಡರಿನ ಒಳಗೆ ಫ್ಯಾನ್ ಇರುವುದು ಮುಂದೆ, ಗೇರಿನ ಪಕ್ಕ. ಅದು ಹಿಂದಿನ ಸಂದಿನಿಂದ ಗಾಳಿ ಎಳೆದು, ಬ್ರಷ್, ಕಮ್ಯುಟೇಟರ್, ಆರ್ಮೇಚರ್ (ತಂತಿ ಸುತ್ತಿದ ತಿರುಗುವ ಭಾಗ) ಎಲ್ಲದರ ಮೇಲೆ ಹಾಯಿಸಿ ಮುಂದಿನಿಂದ ಹೊರಗೆ ಬಿಡುತ್ತದೆ. ಮೋಟಾರು ತಣ್ಣಗಿರಬೇಕಾದರೆ ಈ ಗಾಳಿ ಬೇಕೇ ಬೇಕು. ಗಾಳಿಯ ಜೊತೆ ಹುಡಿಯೂ ಬರುತ್ತದೆ, ಮೊದಲು ಕೂರುವುದು ಬ್ರಷ್ಷಿನ ಹತ್ತಿರ. ಆರ್ಮೇಚರಿನ ಕಬ್ಬಿಣಕ್ಕೂ ಶಾಫ್ಟಿಗೂ ನಡುವೆ ಒಂದು ಪ್ಲಾಸ್ಟಿಕ್ ತೋಳು ಉಂಟು. ಡಬಲ್ ಇನ್ಸುಲೇಷನ್ನಿನಲ್ಲಿ ಅದೂ ಒಂದು. ಅದರ ಅಂಚಿನ ಮೇಲೆ ಕರೆಂಟು ಹರಿಯುವ ಹುಡಿ ಸೇತುವೆ ಕಟ್ಟಿದರೆ ಶಾಫ್ಟು, ಶಾಫ್ಟಿನಿಂದ ಗೇರಿನ ತಲೆ, ತಲೆಯಿಂದ ಹುಡುಗನ ಕೈ. ಗ್ರೈಂಡರಿನ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪುಸ್ತಕದಲ್ಲಿ ಇದನ್ನು ಬರೆದೇ ಇದ್ದಾರೆ. ಫ್ಯಾನ್ ಹುಡಿಯನ್ನು ಒಳಗೆ ಎಳೆಯುತ್ತದೆ, ಲೋಹದ ಹುಡಿ ತುಂಬಿದರೆ ಕರೆಂಟಿನ ಅಪಾಯ ಉಂಟು, ಸಂದುಗಳನ್ನು ಆಗಾಗ ಶುಚಿ ಮಾಡಿ ಅಂತ. ನಾನು ಅದನ್ನು ಮೊದಲ ಸಲ ಓದಿದ್ದು ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ, ಫೋನಿನಲ್ಲಿ ಹುಡುಕಿ. ಪೆಟ್ಟಿಗೆಯ ಪುಸ್ತಕ ಯಾವತ್ತೋ ಒಲೆಗೆ ಹೋಗಿತ್ತು.

ಇಚ್ಚ ಎಲ್ಲವನ್ನೂ ಬ್ರಷ್ಷಿನಲ್ಲಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸುಟ್ಟ ಗೆರೆಯನ್ನು ಕೆರೆದು ವಾರ್ನಿಶ್ ಬಳಿದು, ರಾತ್ರಿಯಿಡೀ ನೂರು ವಾಟಿನ ಬಲ್ಬಿನ ಕೆಳಗೆ ಇಟ್ಟರು. ಆರ್ಮೇಚರ್ ಹೊಸತು ಹಾಕಬೇಕಾಯಿತು. ಒಟ್ಟು 780 ರೂಪಾಯಿ. ಹೊಸ ಗ್ರೈಂಡರಿಗೆ ಇದರ ಮೂರು ಪಾಲು. ಮೆಗ್ಗರಿನ ಮುಳ್ಳು ಈ ಸಲ ಆ ತುದಿಗೆ ಹೋಯಿತು. ಈ ಕೆಲಸಕ್ಕೆ ಐದಕ್ಕೆ ಐದು ಕೊಡಬಹುದು. ರಸೀದಿ ಮಾತ್ರ ಕೇಳಬೇಡಿ, ಸಿಗರೇಟು ಪ್ಯಾಕೆಟಿನ ಹಿಂದೆ ಬರೆದು ಕೊಡುತ್ತಾರೆ.

ಜಾಲರಿ ತರಿಸಿದ್ದು ಇದಾದ ಮೇಲೆ. ಈಗ ಅದರ ಕಥೆ.

ಕೂರಿಸುವುದು ಸುಲಭ, ಆದರೆ ಎಲ್ಲ ಗ್ರೈಂಡರಿಗೂ ಅಲ್ಲ. ನನ್ನ ಒಂದು ಗ್ರೈಂಡರಿಗೆ ಸಂದುಗಳು ಎರಡು ಬದಿಯಲ್ಲಿ ಇವೆ, ಅದಕ್ಕೆ ಟಕ್ ಅಂತ ಕೂತಿತು. ಇನ್ನೊಂದಕ್ಕೆ ಸಂದುಗಳು ಬಾಲದ ತುದಿಯಲ್ಲಿ. ಅಲ್ಲಿ ರಬ್ಬರ್ ಅಂಚು ಹಿಡಿಯುವುದಿಲ್ಲ. ಸೈಕಲ್ ಟ್ಯೂಬಿನ ಒಂದು ಬಳೆ ಕೊಯ್ದು ಅದರಲ್ಲಿ ಬಿಗಿದೆ. ತರಿಸುವ ಮೊದಲು ನಿಮ್ಮ ಗ್ರೈಂಡರಿನ ಸಂದು ಎಲ್ಲಿದೆ ಅಂತ ನೋಡಿಕೊಳ್ಳಿ. ಮಾರುವವರು ಇದನ್ನು ಹೇಳಿಲ್ಲ. ಸಂದೇಶ ಕಳಿಸಿ ಕೇಳಿದ್ದಕ್ಕೆ ‘ಎಲ್ಲದಕ್ಕೂ ಆಗುತ್ತದೆ ಸರ್’ ಅಂದರು, ಸುಮ್ನೆ.

ಕಬ್ಬಿಣದ ಕೆಲಸದಲ್ಲಿ ಇದು ಒಳ್ಳೆಯ ಸಾಮಾನು. ಗೇಟಿನ ವೆಲ್ಡಿಂಗ್ ಉಜ್ಜುವಾಗ, ಫ್ಲಾಪ್ ಡಿಸ್ಕ್ ಹಾಕಿ ಹಳೇ ಬಣ್ಣ ಕೆರೆಯುವಾಗ ಬರುವ ದಪ್ಪ ಹುಡಿ, ಬಣ್ಣದ ಚಕ್ಕೆ, ಡಿಸ್ಕಿನ ಬಟ್ಟೆಯ ಎಳೆ ಎಲ್ಲ ಬಲೆಯ ಹೊರಗೇ ನಿಲ್ಲುತ್ತದೆ. ಸಂಜೆ ತೆಗೆದು ಕಾಗದದ ಮೇಲೆ ತಟ್ಟಿದರೆ ಒಂದು ಚಮಚದಷ್ಟು ಬೀಳುತ್ತದೆ. ಮೊದಲು ಅದೆಲ್ಲ ಒಳಗೆ ಹೋಗುತ್ತಿತ್ತಲ್ಲ ಅಂತ ನೋಡುವಾಗ ಹೊಟ್ಟೆ ಉರಿಯುತ್ತದೆ. ತೀರ ನಯವಾದ ಹುಡಿ ಒಳಗೆ ಹೋಗುತ್ತದೆ, ಅದು ಬೇರೆ. ಜೂನಿನಲ್ಲಿ ಇಚ್ಚನ ಹತ್ತಿರ ಆ ಬದಿಸಂದಿನ ಗ್ರೈಂಡರ್ ಬಿಚ್ಚಿಸಿ ನೋಡಿದೆ. ಕಂದು ಬಣ್ಣದ ತೆಳು ಪದರ ಇತ್ತು, ಮುದ್ದೆ ಇರಲಿಲ್ಲ. ಬ್ರಷ್ ಕೂಡ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು.

ಕೊರತೆ ಎರಡು. ಒಂದು, ಬಲೆ ತುಂಬಿದರೆ ಗಾಳಿ ನಿಲ್ಲುತ್ತದೆ. ಹುಡಿ ತಡೆಯಲು ಹೋಗಿ ಮೋಟಾರು ಸುಡುವ ಪರಿಸ್ಥಿತಿ. ಜುಲೈ ಮಳೆಯಲ್ಲಿ ಶೆಡ್ಡಿನ ಗಾಳಿಯೇ ಒದ್ದೆ, ಹುಡಿ ಬಲೆಗೆ ಅಂಟಿ ಗಟ್ಟಿಯಾಗುತ್ತದೆ. ಒಂದು ದಿನ ಶೀಟಿನ ಕೆಲಸದ ಅವಸರದಲ್ಲಿ ಎರಡು ಗಂಟೆ ಬಲೆ ತಟ್ಟಲಿಲ್ಲ, ಗ್ರೈಂಡರಿನ ಮೈ ಹಿಡಿಯಲಾಗದಷ್ಟು ಬಿಸಿಯಾಗಿ ವಾರ್ನಿಶ್ ವಾಸನೆ ಬಂತು. ಈಗ ಪ್ರತಿ ಅರ್ಧ ಗಂಟೆಗೆ ತೆಗೆದು ತಟ್ಟುತ್ತೇನೆ. ಇದನ್ನು ಮಾಡಲು ತಾಳ್ಮೆ ಇಲ್ಲದವರು ಜಾಲರಿ ಹಾಕದೇ ಇರುವುದೇ ಒಳ್ಳೆಯದು. ಎರಡು, ಬಲೆ ನೈಲಾನಿನದ್ದು. ಗೋಡೆಗೆ ಬಡಿದು ವಾಪಸು ಬಂದ ಕಿಡಿಯೊಂದು ಬಿದ್ದು ಕಡಲೆಯಷ್ಟು ದೊಡ್ಡ ತೂತಾಯಿತು. ಆ ಜಾಲರಿ ಮಾರ್ಚಿನಲ್ಲೇ ಹೋಯಿತು.

ಇನ್ನು ಕಾರ್ಬನ್. ನನಗೆ ಬೇಕಾದದ್ದೇ ಅದಕ್ಕೆ. ಅಲ್ಲೇ ಇದು ಕೈಕೊಟ್ಟಿತು.

ತೂತಾಗದೆ ಉಳಿದ ಜಾಲರಿಯ ಹಿಂದೆ, ಸಂದಿನ ಮೇಲೆ, ಹಳೇ ಬಿಳಿ ಮುಂಡಿನ ಸಣ್ಣ ತುಂಡು ಅಂಟಿಸಿದೆ. ಒಂದು ದೋಟಿಯ ಎರಡು ತುಂಡು ಮಾತ್ರ ಕೊಯ್ದೆ, ಒಂದು ನಿಮಿಷದ ಕೆಲಸ. ಜಾಲರಿ ತೆಗೆದು ನೋಡಿದರೆ ಬಟ್ಟೆ ಕಾಡಿಗೆ ಒರೆಸಿದ ಹಾಗೆ ಕಪ್ಪು. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಈ ಬಲೆಯ ಕಣ್ಣು ಅಕ್ಕಿಹುಡಿ ಗಾಳಿಸುವ ಜರಡಿಯಷ್ಟು. ಕಾರ್ಬನ್ ಫೈಬರಿನ ಒಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ನಮ್ಮ ತಲೆಕೂದಲು ಸುಮಾರು 70. ಮೀನಿನ ಬಲೆಯಲ್ಲಿ ಸೊಳ್ಳೆ ಹಿಡಿಯುವ ಮಾತಾಯಿತು. ಬಲೆಯನ್ನು ಇನ್ನೂ ಸಣ್ಣ ಮಾಡಿದರೆ ಗಾಳಿ ಹೋಗುವುದಿಲ್ಲ. ಅಲ್ಲಿಗೆ ಮುಗಿಯಿತು.

ಮೀಟರಿನಲ್ಲೂ ನೋಡಿದೆ, ಮನೆಯವಳು ಇದೆಂಥ ಮಕ್ಕಳಾಟ ಅಂದಳು. ಮೂರು ಹುಡಿ ಮೂರು ಕಾಗದದ ಮೇಲೆ. ಮುರಕಲ್ಲಿನ ಕೆಂಪು ಹುಡಿಯಲ್ಲಿ ಮೀಟರಿನ ಕಡ್ಡಿ ಊರಿದರೆ ಏನೂ ಇಲ್ಲ. ಕಬ್ಬಿಣ ಉಜ್ಜಿದ ಹುಡಿಯಲ್ಲಿ ಸಡಿಲವಾಗಿದ್ದಾಗ ಏನೂ ಇಲ್ಲ, ಒತ್ತಿ ಹಿಡಿದರೆ ನಂಬರು ಕುಣಿಯುತ್ತದೆ. ಕಿಡಿಯಾಗಿ ಹಾರುವಾಗ ಸುಟ್ಟು ಮೇಲೆ ತುಕ್ಕಿನಂಥ ಪೊರೆ ಕಟ್ಟುವುದರಿಂದ ಹಾಗೆ. ದೋಟಿಯ ಹುಡಿಯಲ್ಲಿ ಸುಮ್ನೆ ತಾಗಿಸಿದರೆ ಸಾಕು, ಕೆಲವೇ ನೂರು ಓಮ್. ಕಬ್ಬಿಣದ ಹುಡಿ ಗ್ರೈಂಡರನ್ನು ತಿಂಗಳುಗಟ್ಟಲೆ ತಿನ್ನುತ್ತದೆ, ದೋಟಿಯ ಹುಡಿಗೆ ಒಂದು ವಾರ ಸಾಕಾದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಇನ್ನೊಂದು ಸಂಗತಿ ನೆನಪಾದರೆ ಮೈ ಜುಂ ಅನ್ನುತ್ತದೆ. ಡಿಸೆಂಬರಿನಲ್ಲಿ ನಾನು ದೋಟಿ ಕೊಯ್ದ ಜಾಗದಿಂದ ಮೂರು ಅಡಿ ದೂರದಲ್ಲಿ ಇನ್ವರ್ಟರ್ ವೆಲ್ಡಿಂಗ್ ಸೆಟ್ ಇತ್ತು, ಅದರ ಫ್ಯಾನ್ ತಿರುಗುತ್ತಾ ಇತ್ತು. ಅದರ ಹೊಟ್ಟೆಯಲ್ಲಿ ಪೂರ್ತಿ ಸರ್ಕೀಟ್ ಬೋರ್ಡು. ಇಚ್ಚ ಹೇಳಿದ ಕೂಡಲೇ ಅದನ್ನೂ ಬಿಚ್ಚಿ ಊದಿಸಿದೆ, ಬಚಾವಾಯಿತು. ಗ್ರೈಂಡರಿಗೆ ಜಾಲರಿ ಹಾಕಿ ಪಕ್ಕದಲ್ಲಿ ವೆಲ್ಡಿಂಗ್ ಸೆಟ್ಟಿನ ಬಾಯಿ ತೆರೆದಿಟ್ಟರೆ ಆದ ಹಾಗೆಯೇ.

ಹಾಗಾಗಿ ಈಗ ದೋಟಿಗೆ ಗ್ರೈಂಡರ್ ಮುಟ್ಟಿಸುವುದೇ ಇಲ್ಲ. ಶೆಡ್ಡಿನ ಹೊರಗೆ ಹಲಸಿನ ಮರದ ಅಡಿಯಲ್ಲಿ ಒಂದು ಬೆಂಚು ಹಾಕಿದ್ದೇನೆ. ಕೊಯ್ಯುವ ಜಾಗಕ್ಕೆ ಸುತ್ತ ಕಾಗದದ ಟೇಪು ಸುತ್ತುವುದು, ಎಳೆ ಏಳದಿರಲಿ ಅಂತ. ಇಂಚಿಗೆ 32 ಹಲ್ಲಿನ ಆಕ್ಸಾ ಬ್ಲೇಡು. ಹುಡುಗ ಬಾಟಲಿಯಿಂದ ತೊಟ್ಟು ತೊಟ್ಟು ನೀರು ಬಿಡುತ್ತಾನೆ. ಹುಡಿ ಹಾರುವುದಿಲ್ಲ, ಕರಿ ಕೆಸರಾಗಿ ಕೆಳಗೆ ಇಳಿಯುತ್ತದೆ. ಅದನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುತ್ತೇವೆ. ಬ್ಲೇಡು ಬೇಗ ಮೊಂಡಾಗುತ್ತದೆ, ಒಂದರಲ್ಲಿ ಮೂರು ತುಂಡು ಕೊಯ್ದರೆ ಹೆಚ್ಚು. ಎನ್ 95 ಮಾಸ್ಕ್ ಇಬ್ಬರಿಗೂ ಕಡ್ಡಾಯ. ಆ ದಿನದ ಅಂಗಿಯನ್ನು ಬೇರೆಯೇ ಒಗೆಯಬೇಕು, ಇಲ್ಲದಿದ್ದರೆ ಮನೆಯವರೆಲ್ಲ ತುರಿಸಿಕೊಳ್ಳುತ್ತಾರೆ.

ಅರ್ಧ ನಿಮಿಷದ ಕೆಲಸ ಹನ್ನೆರಡು ನಿಮಿಷ ಆಯಿತು. ಮೊನ್ನೆ ದೋಟಿ ತಂದ ಭಟ್ರು ಬೆಂಚಿನ ಪಕ್ಕ ನಿಂತು ವಾಚು ನೋಡುತ್ತಿದ್ದರು.

“ಎಂತ ಮಾರಾಯ, ಮಿಷನು ಇಟ್ಟುಕೊಂಡು ಕೈಯಲ್ಲಿ ಎಳೀತಿಯಲ್ಲ?”

“ಭಟ್ರೇ, ಮಿಷನಿನಲ್ಲಿ ಮಾಡಿದರೆ ನಿಮಗೆ 780 ರೂಪಾಯಿ ಜಾಸ್ತಿ ಹಾಕಬೇಕಾಗ್ತದೆ.”

ಅವರು ಪಕ್ಕದ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು.

ಜಾಲರಿಯ ಜೊತೆಗೆ ನಾನು ಮಾಡಿದ ಇನ್ನೆರಡು ಖರ್ಚು ಹೇಳಿಬಿಡುತ್ತೇನೆ, ಯಾಕೆಂದರೆ ಜಾಲರಿಯೊಂದನ್ನೇ ನಂಬಿದರೆ ಆಗುವುದಿಲ್ಲ. ಶೆಡ್ಡಿನ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ, ಕರೆಂಟು ನೆಲಕ್ಕೆ ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು. ನಮ್ಮಲ್ಲಿ ಎಲ್ಲರೂ ಇಎಲ್‌ಸಿಬಿ ಅಂತಲೇ ಹೇಳುವುದು. ಎರಡು ಪಿನ್ನಿನ ಗ್ರೈಂಡರಿಗೆ ಅರ್ಥ್ ಇಲ್ಲ, ಹಾಗಾಗಿ ಒಳಗೆ ಸೋರಿಕೆ ಶುರುವಾದರೂ ಇದು ತಾನಾಗಿ ಬೀಳುವುದಿಲ್ಲ. ಯಾರಾದರೂ ಮುಟ್ಟಿ, ಅವರ ಮೂಲಕ ಕರೆಂಟು ನೆಲಕ್ಕೆ ಇಳಿದಾಗಲೇ ಬೀಳುವುದು. ಶಾಕ್ ಒಮ್ಮೆ ತಾಗುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಹುಡುಗನಿಗೆ ರಬ್ಬರ್ ಸೋಲಿನ ಶೂ ಕೂಡ ತಂದೆ.

ಇನ್ನೊಂದು ಕರೆಂಟಿನ ಸಣ್ಣ ಬ್ಲೋವರ್, 1,450 ರೂಪಾಯಿ. ದಿನದ ಕೆಲಸ ಮುಗಿದ ಮೇಲೆ ಜಾಲರಿ ತೆಗೆದು, ಗ್ರೈಂಡರನ್ನು ಹೊರಗೆ ಒಯ್ದು, ಲೋಡ್ ಇಲ್ಲದೆ ಓಡಿಸುತ್ತಾ ಹಿಂದಿನ ಸಂದಿನಿಂದ ಗಾಳಿ ಊದಿಸುವುದು. ಕನ್ನಡಕ ಹಾಕಿಕೊಳ್ಳಿ, ಮುಂದಿನಿಂದ ಬರುವ ಹುಡಿ ನೇರ ಮುಖಕ್ಕೇ. ಮೊದಲು ಕಂಪ್ರೆಸರಿನಲ್ಲಿ ಊದುತ್ತಿದ್ದೆ. ಮಳೆಗಾಲದಲ್ಲಿ ಅದರ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ, ಹುಡಿ ಜೊತೆ ನೀರನ್ನೂ ನಾನೇ ಒಳಗೆ ಕಳಿಸಿದ ಹಾಗೆ. ಪ್ರೆಷರ್ ಜಾಸ್ತಿ ಇಟ್ಟರೆ ಹುಡಿ ಬೇರಿಂಗಿನೊಳಗೆ ಹೋಗಿ ಕೂರುತ್ತದೆ. ಕಂಪ್ರೆಸರೇ ಬೇಕಾದರೆ ಟ್ಯಾಂಕಿನ ನೀರು ಬಿಟ್ಟು, ಪ್ರೆಷರ್ ಇಳಿಸಿ, ದೂರದಿಂದ ಊದಿ.

ಬ್ಯಾಟರಿ ಗ್ರೈಂಡರ್ ತೆಗೆದುಕೊಳ್ಳಬಾರದಾ ಅಂತ ಒಬ್ಬರು ಕೇಳಿದರು. ಶಾಕಿನ ಹೆದರಿಕೆ ಇಲ್ಲ ನಿಜ, ಆದರೆ ಬ್ರಷ್‌ಲೆಸ್ ಆದರೂ ಒಳಗೆ ಬೋರ್ಡು ಇದ್ದೇ ಇದೆ, ಫ್ಯಾನೂ ಇದೆ. ಗಾಳಿಯಲ್ಲಿ ಓಡುವ ಗ್ರೈಂಡರ್ ಆದರೆ ಒಳಗೆ ಕರೆಂಟೇ ಇಲ್ಲ, ಕಾರ್ಬನ್ನಿಗೆ ಅದು ಸರಿ. ಅದನ್ನು ಓಡಿಸುವಷ್ಟು ದೊಡ್ಡ ಕಂಪ್ರೆಸರ್ ನನ್ನ ಹತ್ತಿರ ಇಲ್ಲ.

ಮಾರ್ಕು ಕೊಡುವುದಾದರೆ ಗೇಟು, ಗ್ರಿಲ್ಲಿನ ಕೆಲಸದವರಿಗೆ ಐದರಲ್ಲಿ ನಾಲ್ಕು. ನೈಲಾನಿನ ಬದಲು ಸ್ಟೀಲಿನ ಬಲೆ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ದೋಟಿಯವರಿಗೆ ಸೊನ್ನೆ, ಪ್ಯಾಕೆಟಿನ ಮೇಲಿನ ಆ ‘ನೂರಕ್ಕೆ ನೂರು’ ಅನ್ನುವುದಕ್ಕೂ ಸೊನ್ನೆ.

ಸುಟ್ಟುಹೋದ ಜಾಲರಿಗೆ ಬದಲು ಇನ್ನೊಂದು ಜೊತೆ ಮೊನ್ನೆ ತರಿಸಿದೆ. ಅದೇ ಪ್ಯಾಕೆಟು, ಅದೇ ಚಿತ್ರ. ಈ ಸಲ 379 ಮಾಡಿದ್ದಾರೆ.